ಎಲೆಕ್ಟ್ರಿಕ್ ಪ್ಯಾರಾಮೋಟಾರ್: ಇಳಿಯುವಾಗ ಥ್ರಾಟಲ್ ಕೈ ಹೇಗಿರಬೇಕು?

ಪ್ಯಾರಾಮೋಟಾರ್ ಅಂದರೆ ಬಟ್ಟೆಯ ರೆಕ್ಕೆಯಲ್ಲಿ ಹಾರುವ ಪ್ಯಾರಾಗ್ಲೈಡಿಂಗ್‌ಗೆ ಬೆನ್ನಿಗೆ ಕಟ್ಟಿಕೊಳ್ಳುವ ಮೋಟಾರ್. ಪೆಟ್ರೋಲ್ ಪ್ಯಾರಾಮೋಟಾರ್‌ನಲ್ಲಿ ಎಂಜಿನ್ ಚಾಲೂ ಇದೆಯಾ ಅಂತ ಯಾರೂ ಕೇಳಬೇಕಾಗಿಲ್ಲ, ಬೆನ್ನ ಹಿಂದೆ ಅದು ಗುಡುಗುತ್ತಲೇ ಇರುತ್ತದೆ. ಎಲೆಕ್ಟ್ರಿಕ್ ಹಾಗಲ್ಲ. ಕೈಯಲ್ಲಿ ಹಿಂಡಿ ಮೋಟಾರಿಗೆ ಪವರ್ ಕೊಡುವ ಲಿವರ್, ಅಂದರೆ ಥ್ರಾಟಲ್ ಬಿಟ್ಟರೆ ಸದ್ದು ನಿಂತುಹೋಗುತ್ತದೆ, ಆದರೆ ಬ್ಯಾಟರಿ ಮತ್ತು ಮೋಟಾರಿಗೆ ಕರೆಂಟ್ ಹರಿಸುವ ಕಂಟ್ರೋಲರ್ ಮುಂದಿನ ಒತ್ತಿಗೆ ಸಿದ್ಧವಾಗಿಯೇ ಇರುತ್ತವೆ. ಮನೆ ಮುಂದೆ ಕೀ ಆನ್ ಮಾಡಿ ಬಿಟ್ಟ ಎಲೆಕ್ಟ್ರಿಕ್ ಸ್ಕೂಟರಿನ ಆಕ್ಸಿಲರೇಟರನ್ನು ಮಗು ತಿರುಗಿಸಿದರೆ ಗಾಡಿ ಹೇಗೆ ನುಗ್ಗುತ್ತದೋ, ಇದೂ ಹಾಗೆಯೇ. ವ್ಯತ್ಯಾಸ ಇಷ್ಟೇ, ಇಲ್ಲಿ ತಿರುಗುವುದು ನಿಮ್ಮ ಬೆನ್ನಿಗಂಟಿದ ಪ್ರೊಪೆಲ್ಲರ್.

ಪುಣೆಯಲ್ಲಿರುವ ನಮ್ಮವರು ಎಷ್ಟೋ ಜನ ಹತ್ತಿರದ ಕಾಮ್‌ಶೇಟ್‌ನಲ್ಲಿ ಪ್ಯಾರಾಗ್ಲೈಡಿಂಗ್ ಕಲಿಯುತ್ತಾರೆ. ಅಲ್ಲಿಂದ ಮೋಟಾರಿಗೆ ಬಂದವರಿಗೆ ರೆಕ್ಕೆ ಹೊಸದಲ್ಲ, ಕೈಯಲ್ಲಿರುವ ಥ್ರಾಟಲ್ ಹೊಸದು. ಈ ಲೇಖನ ಅವರಿಗೆ. ಇದನ್ನು ಓದಿ ಸುಮ್ನೆ ಒಬ್ಬರೇ ಹಾರಲು ಹೋಗಬೇಡಿ, ಮೋಟಾರ್ ತರಬೇತಿ ಬೇರೆಯೇ ಬೇಕು. ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ನಿಯಮ ಮತ್ತು ಸ್ಥಳೀಯ ಅನುಮತಿಯನ್ನೂ ನೋಡಿಕೊಳ್ಳಿ, ಪುಣೆಯ ಲೋಹಗಾಂವ್ ವಿಮಾನ ನಿಲ್ದಾಣ ವಾಯುಪಡೆಯ ನೆಲೆ ಅನ್ನುವುದು ನೆನಪಿರಲಿ.

ಮೊದಲ ಕೆಲಸ ನೆಲದ ಮೇಲೆಯೇ. ಬ್ಯಾಟರಿ ಜೋಡಿಸುವ ಮುಂಚೆ ಥ್ರಾಟಲ್ ಹಿಡಿದು ಬಿಟ್ಟು ನೋಡಿ, ಲಿವರ್ ತಾನಾಗಿ ಪೂರ್ತಿ ಸೊನ್ನೆಗೆ ಬರಬೇಕು. ಧೂಳು ಸಿಕ್ಕಿಕೊಂಡು ಅರ್ಧಕ್ಕೆ ನಿಂತರೆ ಅವತ್ತು ಹಾರಾಟ ಬೇಡ. ಆಮೇಲೆ ಡಿಸಾರ್ಮ್ ಬಟನ್. ಅದನ್ನು ಒತ್ತಿದ ಮೇಲೆ ಥ್ರಾಟಲ್ ಎಷ್ಟು ಹಿಂಡಿದರೂ ಮೋಟಾರ್ ತಿರುಗಬಾರದು. ಕಣ್ಣು ಮುಚ್ಚಿಕೊಂಡೇ, ಗ್ಲೌಸ್ ಹಾಕಿಕೊಂಡೇ ಅದು ಬೆರಳಿಗೆ ಸಿಗುವ ತನಕ ಅಭ್ಯಾಸ ಮಾಡಿ.

ಇನ್ನು ಬ್ಯಾಟರಿ. ಅದು ಖಾಲಿಯಾಗುತ್ತಾ ಬಂದಂತೆ ವೋಲ್ಟೇಜ್ ಕುಸಿದು ಮೋಟಾರಿನ ತಾಕತ್ತೂ ಇಳಿಯುತ್ತದೆ, ಅದರಲ್ಲೂ ಪೂರ್ತಿ ಥ್ರಾಟಲ್ ಕೊಟ್ಟಾಗ. ಹಾಗಾಗಿ ಮತ್ತೊಂದು ಸುತ್ತು ಹಾಕಿ ಬರುವಷ್ಟು ಚಾರ್ಜ್ ಉಳಿದಿರುವಾಗಲೇ ಇಳಿಯಲು ಬನ್ನಿ. ಕೊನೆಯ ಹನಿ ತನಕ ಹಾರಿದವರಿಗೆ ಆಯ್ಕೆಯೇ ಉಳಿಯುವುದಿಲ್ಲ, ಆ ಗಾಬರಿಯಲ್ಲೇ ಥ್ರಾಟಲ್ ಮೇಲಿನ ಬೆರಳು ಬಿಗಿಯಾಗುವುದು.

ಮೈದಾನದ ಕಡೆ ತಿರುಗಿದ ಮೇಲೆ ಕ್ರೂಸ್ ಕಂಟ್ರೋಲ್ ಇದ್ದರೆ ಮೊದಲು ಅದನ್ನು ತೆಗೆಯಿರಿ. ಅದು ಆನ್ ಇದ್ದರೆ ಬೆರಳು ಬಿಟ್ಟರೂ ಮೋಟಾರ್ ತಳ್ಳುತ್ತಲೇ ಇರುತ್ತದೆ. ಆಮೇಲೆ ಒಂದು ಎತ್ತರ ನಿಗದಿ ಮಾಡಿಕೊಳ್ಳಿ. ಹೊಸಬರಿಗೆ 100ರಿಂದ 150 ಅಡಿ ಸರಿ. ಮೋಟಾರ್ ನಿಂತ ಮೇಲೆ ರೆಕ್ಕೆ ಸೆಕೆಂಡಿಗೆ ಸುಮಾರು ಒಂದೂವರೆ ಮೀಟರ್ ಇಳಿಯುತ್ತದೆ ಅಂದುಕೊಂಡರೆ, 100 ಅಡಿ ಅಂದರೆ ನಿಮ್ಮ ಕೈಯಲ್ಲಿ 20 ಸೆಕೆಂಡ್. ಮತ್ತೆ ಮೇಲೇರಬೇಕಾ, ಇಳಿಯಬೇಕಾ ಅನ್ನುವ ತೀರ್ಮಾನ ಈ ಎತ್ತರಕ್ಕಿಂತ ಮೇಲೆಯೇ ಮುಗಿದಿರಬೇಕು. ಇಳಿಯುವುದು ಖಾತ್ರಿಯಾದರೆ ಥ್ರಾಟಲ್ ಬಿಡಿ, ಡಿಸಾರ್ಮ್ ಒತ್ತಿ, ಆಮೇಲೆ ಲಿವರನ್ನು ಒಂದು ಸಲ ಮೆಲ್ಲಗೆ ಹಿಂಡಿ ನೋಡಿ. ಮೋಟಾರ್ ಎಳೆಯಬಾರದು. ಗಾಳಿಗೆ ಪ್ರೊಪೆಲ್ಲರ್ ತಾನಾಗಿ ನಿಧಾನಕ್ಕೆ ತಿರುಗಬಹುದು, ಅದು ಬೇರೆ.

ಎಲೆಕ್ಟ್ರಿಕ್ ಮೋಟಾರ್ ಒಂದೇ ಕ್ಷಣದಲ್ಲಿ ಚಾಲೂ ಆಗುತ್ತದಲ್ವಾ, ಕೊನೆ ತನಕ ಆನ್ ಇಟ್ಟುಕೊಂಡರೆ ಒಳ್ಳೆಯದಲ್ವಾ ಅಂತ ಬಹಳ ಜನ ಕೇಳುತ್ತಾರೆ. ನುರಿತವರು ಪವರ್ ಇಟ್ಟುಕೊಂಡು ಇಳಿಯುವುದು ಉಂಟು. ಹೊಸಬರಿಗೆ ನಾನು ಖಂಡಿತ ಬೇಡ ಅನ್ನುತ್ತೇನೆ. ಯಾಕಂದ್ರೆ ಫ್ಲೇರ್ ಮಾಡುವಾಗ, ಅಂದರೆ ನೆಲ ಮುಟ್ಟುವ ಮುಂಚೆ ವೇಗ ತಗ್ಗಿಸುವಾಗ, ರೆಕ್ಕೆಯ ಎರಡೂ ಬ್ರೇಕ್ ಹಿಡಿಕೆ ಕೆಳಗೆ ಎಳೆಯುತ್ತೀರಿ, ಆ ಎಳೆತದಲ್ಲಿ ಮುಷ್ಟಿ ತಾನಾಗಿ ಬಿಗಿಯಾಗುತ್ತದೆ, ಅದೇ ಮುಷ್ಟಿಯಲ್ಲಿ ಥ್ರಾಟಲ್ ಇರುತ್ತದೆ. ಕಾಮ್‌ಶೇಟ್ ಇರುವ ಮಾವಳದ ಭತ್ತದ ಗದ್ದೆಗಳಲ್ಲಿ ಕೊಯ್ಲಾದ ಮೇಲೆ ಬದುಗಳು ಮೇಲಿನಿಂದ ಸರಿಯಾಗಿ ಕಾಣುವುದಿಲ್ಲ. ಕಾಲು ಬದುವಿಗೆ ತಗುಲಿ ಮುಗ್ಗರಿಸಿದರೆ ಯಾರೇ ಆದರೂ ಕೈಯಲ್ಲಿದ್ದದ್ದನ್ನು ಗಟ್ಟಿಯಾಗಿ ಹಿಡಿಯುತ್ತಾರೆ. ಪೆಟ್ರೋಲ್ ಎಂಜಿನ್ ವೇಗ ಹಿಡಿಯಲು ಒಂಚೂರು ಹೊತ್ತು ತಗೊಳ್ಳುತ್ತದೆ, ಎಲೆಕ್ಟ್ರಿಕ್ ಅಷ್ಟೂ ಕಾಯುವುದಿಲ್ಲ. ನೀವು ಬೀಳುತ್ತಿರುವಾಗಲೇ ಪ್ರೊಪೆಲ್ಲರ್ ನಿಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಬೇಸಿಗೆಯ ಮಧ್ಯಾಹ್ನ ಕಾದ ಹೊಲಗಳಿಂದ ಬಿಸಿಗಾಳಿ ಏಳುವಾಗ ಬ್ರೇಕ್ ಮೇಲೆ ಕೈ ಇನ್ನೂ ಜಾಸ್ತಿ ಓಡಾಡುತ್ತದೆ, ಅದಕ್ಕೇ ಬೆಳಗಿನ ಹೊತ್ತೇ ಕಲಿಯಲು ಒಳ್ಳೆಯದು.

ಕಾಲು ನೆಲಕ್ಕೆ ತಾಗಿದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಗಾಳಿ ಇಲ್ಲದ ದಿನ ರೆಕ್ಕೆ ನಿಮ್ಮ ಮೇಲೆಯೇ ಬಿದ್ದು ಅದರ ದಾರಗಳು ಪ್ರೊಪೆಲ್ಲರ್ ಸುತ್ತಲಿನ ಕೇಜ್ ಮೇಲೆ ಜೋಲುತ್ತವೆ, ಆಗ ಥ್ರಾಟಲ್‌ಗೆ ಒಂದು ಒತ್ತು ಬಿದ್ದರೆ ಪ್ರೊಪೆಲ್ಲರ್ ಅವನ್ನು ಸುತ್ತಿಕೊಳ್ಳುತ್ತದೆ. ರೆಕ್ಕೆ ಪೂರ್ತಿ ನೆಲ ಸೇರಲಿ. ಡಿಸಾರ್ಮ್ ಆಗಿದೆಯಾ ಅಂತ ಇನ್ನೊಮ್ಮೆ ನೋಡಿ, ಮೇನ್ ಸ್ವಿಚ್ ಇದ್ದರೆ ಆಫ್ ಮಾಡಿ. ಮೈಗೆ ಕಟ್ಟಿದ ಹಾರ್ನೆಸ್ ಬಿಚ್ಚುವ ಮುಂಚೆ ಬ್ಯಾಟರಿಯ ಕನೆಕ್ಟರ್ ಕಳಚಿ. ಹಿಂದಿರುವ ಕನೆಕ್ಟರ್‌ಗೆ ಕೈ ಎಟುಕದಿದ್ದರೆ ಅದನ್ನು ಗೊತ್ತಿರುವ ಒಬ್ಬರಿಗೆ ಮಾತ್ರ ಕಳಚಲು ಹೇಳಿ.

ಬೇರೆಯವರು ಹತ್ತಿರ ಬರಬಾರದು, ಇದನ್ನು ಒತ್ತಿ ಹೇಳುತ್ತೇನೆ. ನೀವು ಇಳಿದ ಕೂಡಲೇ ಗೆಳೆಯರು ಮೊಬೈಲ್ ಹಿಡಿದು ಓಡಿ ಬರುತ್ತಾರೆ, ಹಳ್ಳಿಯ ಮಕ್ಕಳು ಅವರಿಗಿಂತ ಮುಂಚೆ ಬರುತ್ತಾರೆ. ಸದ್ದಿಲ್ಲದ ಪ್ರೊಪೆಲ್ಲರ್ ನೋಡಿ ಯಾರಿಗೂ ಭಯ ಆಗುವುದಿಲ್ಲ. 'ಜವಳ್ ಯೇಊ ನಕಾ' (ಹತ್ತಿರ ಬರಬೇಡಿ) ಅಂತ ಮರಾಠಿಯಲ್ಲೇ ಜೋರಾಗಿ ಕೂಗಿ ಹೇಳಿ. ಗೆಳೆಯರಿಗೆ ಹಾರುವ ಮುಂಚೆಯೇ ಹೇಳಿಡಿ: ಬ್ಯಾಟರಿ ಕಳಚಿ ನೀವು ಕೈ ಎತ್ತಿ ತೋರಿಸುವ ತನಕ ಯಾರೂ ಹತ್ತಿರ ಬರಬಾರದು. ಪ್ರೊಪೆಲ್ಲರಿನ ಪಕ್ಕದ ನೇರಕ್ಕಂತೂ ನಿಲ್ಲಲೇಬಾರದು, ಅದು ಮುರಿದರೆ ಚೂರುಗಳು ಹಾರುವುದು ಆ ಕಡೆಗೇ.

ಕಳಚಿದ ಬ್ಯಾಟರಿಯ ಕನೆಕ್ಟರ್‌ಗೆ ಮುಚ್ಚಳ ಹಾಕಿ ನೆರಳಲ್ಲಿಡಿ, ಬಿಸಿ ಆರಿದ ಮೇಲೆಯೇ ಚಾರ್ಜಿಗೆ ಹಾಕಿ.