ಕಿವಿ ಇರುವವರನ್ನು ಹುಡುಕಿದ್ದು: ಗಡಿನಾಡಿನಿಂದ ಮಿಷನರಿಗಳನ್ನು ಕಳಿಸಿದ ನನ್ನ ಅನುಭವ

ನಾನು ನರ್ಸ್. 11 ವರ್ಷ ಜಾರ್ಖಂಡಿನ ದುಮ್ಕಾ ಕಡೆ, ಸಂತಾಲ ಬುಡಕಟ್ಟಿನವರ ಹಳ್ಳಿಗಳಲ್ಲಿ ಮಿಷನರಿಯಾಗಿದ್ದೆ. ಅಪ್ಪ ಹಾಸಿಗೆ ಹಿಡಿದಾಗ ಮಂಜೇಶ್ವರಕ್ಕೆ ವಾಪಸ್ ಬಂದೆ. ಬಂದ ವಾರವೇ ನಮ್ಮ ಸಭೆಯ, ಅಂದರೆ ಚರ್ಚಿನ, ಅಯ್ಯನವರು (ಪಾದ್ರಿ) ಕೇಳಿದರು, "ಅಲ್ಲಿ ನಿಮ್ಮ ಜಾಗಕ್ಕೆ ಇನ್ನು ಯಾರು?" ಉತ್ತರ ಇರಲಿಲ್ಲ. ಆ ಪ್ರಶ್ನೆಯ ಹಿಂದೆ ಬಿದ್ದು ಈಗ ಆರು ವರ್ಷ ಆಯಿತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಯುವಜನರ ಕ್ಯಾಂಪಿನ ಕೊನೆಯ ರಾತ್ರಿ ನನ್ನ ಸಾಕ್ಷಿ, ಅಂದರೆ ದೇವರು ನನ್ನನ್ನು ನಡೆಸಿದ ಕಥೆ, ಹೇಳಿದೆ, ಹಾಡಾಯಿತು, "ಯಾರು ಹೋಗುತ್ತೀರಿ?" ಅಂತ ಕೇಳಿದೆ. 20ಕ್ಕೂ ಜಾಸ್ತಿ ಕೈ ಮೇಲೆದ್ದವು. ನನಗೂ ಕಣ್ಣು ತುಂಬಿತ್ತು. ಒಂದು ತಿಂಗಳ ನಂತರ ಫೋನ್ ಮಾಡಿದರೆ ಉಳಿದವರು ಇಬ್ಬರು. ಆ ಇಬ್ಬರಲ್ಲಿ ಚೆನ್ನಾಗಿ ಪ್ರಸಂಗ, ಅಂದರೆ ಬೋಧನೆ, ಮಾಡುತ್ತಿದ್ದ ಹುಡುಗನನ್ನು ಆರಿಸಿದೆವು. ಮೂರು ತಿಂಗಳು ಬೈಬಲ್ ತರಗತಿ, ಆಮೇಲೆ ಶಾಲು, ಹಾರ, ಗ್ರೂಪ್ ಫೋಟೋ. ಏಳನೇ ತಿಂಗಳಿಗೆ ಅವನು ವಾಪಸ್ ಬಂದ. ಮಲೇರಿಯಾ ಬಂದು ಎರಡು ವಾರ ಒಬ್ಬನೇ ಮಲಗಿದ್ದನಂತೆ. ಹಣ ಮೂರು ತಿಂಗಳು ತಡವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ, ನಾನೂ ಸೇರಿ. "ಅವನಿಗೆ ದೇವರ ಕರೆ ಇರಲಿಲ್ಲ" ಅಂತ ಕೆಲವರು ಹೇಳಿದರು. ಅದು ಅನ್ಯಾಯ. ಕರೆ ಇತ್ತು. ತಯಾರಿ ಇರಲಿಲ್ಲ, ಅವನದ್ದೂ ಇಲ್ಲ, ನಮ್ಮದೂ ಇಲ್ಲ.

ಅಲ್ಲಿಂದ ನಾನು ಹುಡುಕುವ ರೀತಿಯೇ ಬದಲಾಯಿತು. ಈಗ ವೇದಿಕೆ ನೋಡುವುದಿಲ್ಲ. ಮದುವೆ ಮನೆಯಲ್ಲಿ ಬಡಿಸಲು ಯಾರು ನಿಲ್ಲುತ್ತಾರೆ, ಆಸ್ಪತ್ರೆಯಲ್ಲಿ ಅಜ್ಜಿಯ ಜೊತೆ ರಾತ್ರಿ ಯಾರು ಕೂರುತ್ತಾರೆ, ಯಾರ ಬಾಯಿಗಿಂತ ಕಿವಿ ಚುರುಕು, ಅದನ್ನು ನೋಡುತ್ತೇನೆ. ಮಾತು ಬರುವವರಿಗೆ ಕೇಳಲು ಕಲಿಸುವುದು ಕಷ್ಟ. ಕೇಳುವವರಿಗೆ ಮಾತು ತಾನಾಗಿ ಬರುತ್ತದೆ.

ಈ ವಿಷಯದಲ್ಲಿ ನಮ್ಮ ಮಕ್ಕಳಿಗೆ ದೇವರು ಮೊದಲೇ ಒಂದು ದಾನ ಕೊಟ್ಟಿದ್ದಾನೆ ಅನ್ನುವುದು ನನ್ನ ನಂಬಿಕೆ. ಕಾಸರಗೋಡನ್ನು ಸಪ್ತಭಾಷೆಗಳ ನಾಡು ಅಂತ ಸುಮ್ನೆ ಕರೆಯುವುದಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಮೀನು ಮಾರ್ಕೆಟಿನಲ್ಲಿ ಬ್ಯಾರಿ, ಪಕ್ಕದ ಮನೆಯಲ್ಲಿ ಕೊಂಕಣಿ. ಎಂಟು ವರ್ಷದ ಮಗು ಎದುರಿನವರ ಮುಖ ನೋಡಿ ಭಾಷೆ ಬದಲಿಸುತ್ತದೆ. ಇನ್ನೊಂದೂ ಇದೆ. 1956ರ ನವೆಂಬರ್ 1ಕ್ಕೆ ಈ ನಾಡು ಕೇರಳಕ್ಕೆ ಸೇರಿದ ಮೇಲೆ, ಕಚೇರಿಯಲ್ಲಿ ತನಗೆ ಓದಲು ಬಾರದ ಅರ್ಜಿಯನ್ನು ಹಿಡಿದುಕೊಂಡು ಬೇರೆಯವರ ಮುಖ ನೋಡುತ್ತಾ ನಿಲ್ಲುವುದು ಅಂದರೆ ಏನು ಅಂತ ನಮ್ಮ ಮನೆಮನೆಗೆ ಗೊತ್ತು. ಆ ಸಂಕಟ ಗೊತ್ತಿದ್ದವರು ಸಂತಾಲ ಅಜ್ಜಿಯ ಹತ್ತಿರ ಹೋಗಿ "ಹಿಂದಿಯಲ್ಲಿ ಹೇಳಿ" ಅನ್ನಬಾರದು ಅಲ್ವಾ? ತರಗತಿಯ ಮೊದಲ ದಿನ ನಾನು ಹೇಳುವುದೇ ಇದನ್ನು.

ಹಿಂದಿನವರನ್ನೂ ನೆನಪಿಸುತ್ತೇನೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕಿಟೆಲ್ ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ, ಅವರು ಈ ನಾಡಿಗೆ ಬಂದು 41 ವರ್ಷ ಆದ ಮೇಲೆ. ಮೆನ್ನರ್ ಅವರ ತುಳು ನಿಘಂಟು 1886ರದ್ದು, ಗುಂಡರ್ಟ್ ಅವರ ಮಲಯಾಳ ನಿಘಂಟು 1872ರದ್ದು. ನಾನಿದ್ದ ಕಡೆ ನಾರ್ವೆಯ ಬೋಡಿಂಗ್ ಸಂತಾಲಿ ಭಾಷೆಗೆ ಐದು ಸಂಪುಟದ ನಿಘಂಟು ಮಾಡಿದರು. ಊರವರ ಹತ್ತಿರ ಕೂತು ಒಂದೊಂದೇ ಮಾತು ಕೇಳದಿದ್ದರೆ ಇಷ್ಟು ದೊಡ್ಡ ಪುಸ್ತಕಗಳು ಆಗುತ್ತಿರಲಿಲ್ಲ. ಕೇಳುವುದೂ ಸೇವೆಯೇ.

ಕಲಿಸುವುದು ಎಲ್ಲಿ? ಇದಕ್ಕೆ ದೂರ ಹೋಗಬೇಕಾಗಲಿಲ್ಲ. ನಮ್ಮ ಕೆಂಪುಕಲ್ಲಿನ ಕೋರೆಗಳಲ್ಲಿ ಕೆಲಸ ಮಾಡುವವರಲ್ಲಿ ಜಾರ್ಖಂಡ್, ಬಂಗಾಳ, ಒಡಿಶಾದವರೇ ಜಾಸ್ತಿ. ಒಂದು ಕೋರೆಯ ಶೆಡ್ಡಿನಲ್ಲಿ ಸಂತಾಲಿ ಮಾತು ಕೇಳಿಸಿದಾಗ ನನ್ನ ಕಾಲು ಅಲ್ಲೇ ನಿಂತಿತು. "ಜೋಹಾರ್" ಅಂದೆ, ಅದು ಅವರ ನಮಸ್ಕಾರ. ಅವರು ಕೆಲಸ ಬಿಟ್ಟು ಎದ್ದು ಬಂದರು. ಈಗ ತಯಾರಾಗುವವರು ಪ್ರತಿ ಭಾನುವಾರ ಆರಾಧನೆ ಮುಗಿಸಿ ಅಲ್ಲಿಗೆ ಹೋಗುತ್ತಾರೆ. ಜ್ವರ ಬಂದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಊರಿಗೆ ಹಣ ಕಳಿಸುವ ಚೀಟಿ ತುಂಬಿಸಿ ಕೊಡುವುದು, ಅವರು ಅಡುಗೆ ಮಾಡುವಾಗ ಪಕ್ಕದಲ್ಲಿ ಕೂತು ಒಂದೊಂದು ವಸ್ತುವಿನ ಹೆಸರು ಕೇಳುವುದು. ಮೊದಲ ಎರಡು ವಾರ ಬರೆದುಕೊಳ್ಳುವ ಹಾಗಿಲ್ಲ. ಬರೆದರೆ ಕನ್ನಡದ ಅಕ್ಷರ ಕಿವಿಗೆ ಅಡ್ಡ ಬರುತ್ತದೆ. ಸಂತಾಲಿಯಲ್ಲಿ 'ದಾಕಾ' ಅಂದರೆ ಅನ್ನ, ನೀರಿಗೆ 'ದಾಕ್', ಆದರೆ ಆ ಕೊನೆಯ 'ಕ್' ಗಂಟಲಲ್ಲೇ ತಡೆದು ನಿಲ್ಲಬೇಕು, ಹೊರಗೆ ಬಿಡಬಾರದು. ನಾನು ಅದನ್ನು ಕಲಿತದ್ದು ಒಬ್ಬ ಅಜ್ಜಿಯಿಂದ. ಅವರು ನನ್ನ ಕೈಯನ್ನು ತಮ್ಮ ಗಂಟಲ ಮೇಲೆ ಇಟ್ಟುಕೊಂಡು ಹತ್ತು ಸಲ ಹೇಳಿ ತೋರಿಸಿದ್ದರು. ಆವತ್ತಿನಿಂದ ನಾನು ಅವರ ಮನೆಯವಳಾದೆ.

ಕೋರೆಗೆ ಹೋಗುವಾಗ ಆರು ತಿಂಗಳು ಪ್ರಸಂಗ ಇಲ್ಲ, ಕರಪತ್ರ ಇಲ್ಲ. ಯಾರಾದರೂ ತಾವಾಗಿ ಕೇಳಿದರೆ ಮುಚ್ಚುಮರೆ ಇಲ್ಲದೆ ಯೇಸುವಿನ ಬಗ್ಗೆ ಹೇಳುವುದು. ಕೆಲವು ಹಿರಿಯರಿಗೆ ಈ ನಿಯಮ ಹಿಡಿಸಲಿಲ್ಲ. ನಾನು ಬಿಡಲಿಲ್ಲ.

ಕಾನೂನು ಕೂಡ ಸ್ಪಷ್ಟವಾಗಿ ಕಲಿಸುತ್ತೇನೆ. ಸಂವಿಧಾನದ 25ನೇ ವಿಧಿ ನಂಬಿಕೆಯನ್ನು ಆಚರಿಸಲು, ಸಾರಲು ಹಕ್ಕು ಕೊಟ್ಟಿದೆ. ಆದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅದರಲ್ಲಿ ಸೇರಿಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜಾರ್ಖಂಡಿನಲ್ಲಿ ಮತಾಂತರದ ಬಗ್ಗೆ 2017ರ ಕಾನೂನು ಬೇರೆ ಇದೆ. ಆದರೆ ಕಾನೂನಿನ ಭಯ ನನ್ನ ಮುಖ್ಯ ಕಾರಣ ಅಲ್ಲ. ಮಾತ್ರೆ ಕೊಟ್ಟ ಕೈಯಲ್ಲೇ ದೀಕ್ಷಾಸ್ನಾನದ ಮಾತು ಎತ್ತಿದರೆ ಆ ಮಾತ್ರೆಗೂ ಬೆಲೆ ಇಲ್ಲ, ಸುವಾರ್ತೆಗೂ ಬೆಲೆ ಇಲ್ಲ. ಹಳ್ಳಿಗೆ ಹೋದರೆ ಮೊದಲು ಮಾಂಝಿ, ಅಂದರೆ ಊರ ಮುಖ್ಯಸ್ಥರ ಅಂಗಳಕ್ಕೆ ಹೋಗಬೇಕು. ಸಾಲ್ ಮರಗಳ ತೋಪು, ಜಾಹೇರ್ ಥಾನ್, ಅವರ ಪವಿತ್ರ ಜಾಗ. ನಮ್ಮೂರಿನ ನಾಗಬನದ ಪಕ್ಕ ಹೇಗೆ ನಡೆದುಕೊಂಡು ಬೆಳೆದಿದ್ದೇವೋ ಅಲ್ಲೂ ಹಾಗೆಯೇ. ಇದನ್ನು ನಮ್ಮ ಮಕ್ಕಳಿಗೆ ಎರಡನೇ ಸಲ ಹೇಳಬೇಕಾಗಿ ಬಂದಿಲ್ಲ.

ಆರೋಗ್ಯದ ಪಾಠ ನಾನೇ ಮಾಡುತ್ತೇನೆ. ದುಮ್ಕಾ, ಪಾಕುಡ್, ಸಾಹಿಬ್‌ಗಂಜ್, ಗೊಡ್ಡಾ ಜಿಲ್ಲೆಗಳು ಕಾಲಾ ಅಜಾರ್ ಅನ್ನುವ ಜ್ವರದ ಕಾಯಿಲೆ ಇದ್ದ ಕಡೆ. ಮಣ್ಣಿನ ಗೋಡೆಯ ಬಿರುಕಿನಲ್ಲಿರುವ ಮರಳು ನೊಣದಿಂದ ಹರಡುತ್ತದೆ. ಎರಡು ವಾರ ದಾಟಿದ ಜ್ವರವನ್ನು ಪ್ರಾರ್ಥನೆ ಮಾಡಿಕೊಂಡು ಸಹಿಸಬಾರದು, ಪ್ರಾರ್ಥನೆ ಮಾಡಿಕೊಂಡು ರಕ್ತ ಪರೀಕ್ಷೆಗೆ ಹೋಗಬೇಕು.

ಈಗಿನವರು ಪಿಎಫ್ ಇದೆಯಾ, ಇನ್ಶೂರೆನ್ಸ್ ಇದೆಯಾ, ಮುಂದೆ ಮಕ್ಕಳ ಶಾಲೆಗೆ ಏನು ಅಂತ ಕೇಳುತ್ತಾರೆ. "ನಮ್ಮ ಕಾಲದಲ್ಲಿ ಹೀಗೆಲ್ಲ ಕೇಳುತ್ತಿರಲಿಲ್ಲ" ಅನ್ನುವವರಿಗೆ ನಾನು ಹೇಳುವುದು, ಕೇಳದೆ ಹೋಗಿ ಮುಪ್ಪಿನಲ್ಲಿ ಬಾಡಿಗೆ ಕಟ್ಟಲಾಗದ ಮಿಷನರಿಗಳನ್ನು ನಾನು ನೋಡಿದ್ದೇನೆ. ಕೇಳುವುದು ಅವಿಶ್ವಾಸ ಅಲ್ಲ. ಕೈಯಲ್ಲಿ ಒಂದು ಕೆಲಸ ಇದ್ದರೆ ಇನ್ನೂ ಒಳ್ಳೆಯದು. ಪೌಲನೂ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಗುಡಾರ ಹೊಲಿದವನೇ. ನರ್ಸ್, ಲ್ಯಾಬ್ ಟೆಕ್ನೀಷಿಯನ್, ಎಲೆಕ್ಟ್ರಿಷಿಯನ್, ಯಾರಾದರೂ ಸರಿ.

ಸಭೆಯ ತಯಾರಿಗೆ ಮಿಜೋರಾಮಿನವರಿಂದ ಒಂದು ದಾರಿ ಕಲಿತೆ. ಅಲ್ಲಿ 100 ವರ್ಷಕ್ಕೂ ಹೆಚ್ಚು ಕಾಲದಿಂದ ಹೆಂಗಸರು ಪ್ರತಿ ಊಟಕ್ಕೆ ಅಕ್ಕಿ ಹಾಕುವಾಗ ಒಂದು ಹಿಡಿ ತೆಗೆದಿಟ್ಟು ಸೇವೆಗೆ ಕೊಡುತ್ತಾರೆ. ಬುಹ್‌ಫಾಯ್ ಥಾಮ್ ಅನ್ನುತ್ತಾರೆ. ನಮ್ಮಲ್ಲಿ 14 ಮನೆಗಳಿಂದ ಶುರುವಾಯಿತು. ಹಣ ದೊಡ್ಡದಲ್ಲ. ಆದರೆ ದಿನಕ್ಕೆ ಎರಡು ಸಲ ಅಕ್ಕಿ ಡಬ್ಬಿ ತೆಗೆಯುವಾಗ ಹೋದವರ ಹೆಸರು ನೆನಪಾಗುತ್ತದೆ. ಪ್ರತಿ ಬುಧವಾರ ಒಂದು ಮನೆಯವರು ಅಲ್ಲಿಗೆ ಫೋನ್ ಮಾಡಬೇಕು. ಮೊದಲ ಪ್ರಶ್ನೆ "ಸೇವೆ ಹೇಗಿದೆ" ಅಲ್ಲ, "ಊಟ ಆಯ್ತಾ, ಹುಷಾರಿದ್ದೀಯಾ?" ಹೀಗೆ ಕಳಿಸಿದ ದಂಪತಿಗೆ ಈಗ ಮೂರನೇ ವರ್ಷ.

ಈ ವರ್ಷ ತಯಾರಾಗಿರುವುದು ಒಬ್ಬಳು ಲ್ಯಾಬ್ ಟೆಕ್ನೀಷಿಯನ್, ಮಾತು ಕಡಿಮೆ. ಕೋರೆಯ ಹೆಂಗಸರು ಅವಳನ್ನು ಹೆಸರು ಹಿಡಿದು ಕೇಳುತ್ತಾರೆ. ಅವಳ ತಾಯಿ ಒಪ್ಪಿರಲಿಲ್ಲ. "ಅಕ್ಕ, ಅಲ್ಲಿ ನನ್ನ ಮಗಳಿಗೆ ಜ್ವರ ಬಂದರೆ ಗಂಜಿ ಕೊಡುವವರು ಯಾರು?" ಅಂದರು. ಬೈಬಲ್ ವಚನ ಹೇಳಿ ಸಮಾಧಾನ ಮಾಡಬಹುದಿತ್ತು. ಮೊದಲ ಹುಡುಗನ ನೆನಪಾಗಿ ಸುಮ್ಮನಾದೆ. ಕೊನೆಗೆ ಸಭೆಯಲ್ಲಿ ಒಂದು ತೀರ್ಮಾನ ಆಗಿದೆ. ಮಗಳ ಜೊತೆ ತಾಯಿಗೂ ಟಿಕೆಟ್. 15 ದಿನ ಅಲ್ಲೇ ಇದ್ದು, ಪಕ್ಕದ ಮನೆಯವರು ಯಾರು, ಒಲೆ ಎಲ್ಲಿ, ಗಂಜಿ ಬೇಯಿಸಿ ಕೊಡುವ ಕೈ ಯಾವುದು ಅಂತ ಕಣ್ಣಾರೆ ನೋಡಿ ಬರಲಿ. ಮೊನ್ನೆಯಿಂದ ಆ ತಾಯಿಯೂ ಭಾನುವಾರ ಕೋರೆಗೆ ಬರುತ್ತಿದ್ದಾರೆ, 'ದಾಕ್' ಹೇಳಲು ಕಲಿಯುತ್ತಿದ್ದಾರೆ.