ಮೆಟ್ಟುಗತ್ತಿಗೆ ಕೈ ಪಳಗಿಸುವ ಬಗೆ

ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನ ದಿನಗಳಲ್ಲಿ ಸಾಗರ, ತೀರ್ಥಹಳ್ಳಿ ಕಡೆ ಮೆಟ್ಟುಗತ್ತಿಯಲ್ಲಿ (ಕಾಲಿನಿಂದ ಮೆಟ್ಟಿ ಹಿಡಿಯುವ ಮಣೆಯ ಕತ್ತಿ) ಅಡಿಕೆ ಸುಲಿಯುವವರ ಬಾಯಿ ಊರ ಸುದ್ದಿಯಲ್ಲಿರುತ್ತದೆ, ಕೈ ತನ್ನ ಪಾಡಿಗೆ ಓಡುತ್ತಿರುತ್ತದೆ. ಹೊಸಬರ ಕೈ ಮಾತ್ರ ಹೆಕ್ಕಿ ನಿಲ್ಲುತ್ತದೆ, ಒತ್ತಿ ನಿಲ್ಲುತ್ತದೆ, ತಿರುಗಿಸಿ ಮತ್ತೆ ನಿಲ್ಲುತ್ತದೆ. ಹೊತ್ತು ಹೋಗುವುದೆಲ್ಲ ಈ ನಿಲುಗಡೆಗಳಲ್ಲೇ. ಅವನ್ನು ಅಳಿಸಿದರೆ ವೇಗ ತಾನಾಗಿ ಬರುತ್ತದೆ.

ಕಣ್ಣು ಕಂಡದ್ದನ್ನು ಆಧರಿಸಿ ಕೈಯನ್ನು ತಿದ್ದಲು ಮಿದುಳಿಗೆ ಸುಮಾರು 100ರಿಂದ 200 ಮಿಲಿಸೆಕೆಂಡು ಬೇಕು. ಒಂದು ಚಲನೆ ಮುಗಿದದ್ದು ಗೊತ್ತಾದ ಮೇಲೆಯೇ ಮುಂದಿನದಕ್ಕೆ ಅಪ್ಪಣೆ ಹೊರಡುವುದಾದರೆ ಕೆಲಸ ಕುಂಟುತ್ತಲೇ ಇರುತ್ತದೆ. ಇಷ್ಟು ಚುರುಕಿನ ಸರಣಿಯನ್ನು ಮಿದುಳು ಮೊದಲೇ ಹೆಣೆದಿಟ್ಟಿರಬೇಕು ಎಂದು ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ 1951ರಲ್ಲೇ ವಾದಿಸಿದ್ದರು. ಯಾವುದರ ನಂತರ ಯಾವುದು ಎಂಬ ಅನುಕ್ರಮಕ್ಕೆ ಮಿದುಳಿನ ಮೇಲ್ಪದರದ ಚಲನಾ ಭಾಗಗಳು ಬೇಕು. ಬಿಡಿ ಚಲನೆಗಳನ್ನು ಒಂದೇ ಗಂಟಾಗಿ ಕಟ್ಟುವುದರಲ್ಲಿ ಮಿದುಳಿನ ಆಳದ ನರಕೋಶಗಳ ಗುಂಪುಗಳಾದ ಬೇಸಲ್ ಗ್ಯಾಂಗ್ಲಿಯಾಗೆ ದೊಡ್ಡ ಪಾತ್ರವಿದೆ. ಎಷ್ಟು ಒತ್ತಿದರೆ ಏನಾದೀತು ಎಂದು ಮುಂದಾಗಿ ಅಂದಾಜಿಸಿ, ತಪ್ಪಿದ್ದನ್ನು ಮುಂದಿನ ಸಲಕ್ಕೆ ತಿದ್ದಿಕೊಳ್ಳುವುದು ಕಿರುಮಿದುಳು.

ಆದ್ದರಿಂದ ಮೊದಲ ದಿನ ಒಂದೇ ಗಾತ್ರದ ಹಸಿ ಕಾಯಿಗಳನ್ನು ಆರಿಸಿಕೊಳ್ಳಿ, ಐವತ್ತು ಸಾಕು. ಕತ್ತಿ ಹರಿತವಾಗಿರಲಿ. ಮೊಂಡು ಕತ್ತಿಗೆ ಒಂದು ಕಾಯಿಗೆ ಒಂದು ಬಲ, ಇನ್ನೊಂದಕ್ಕೆ ಇನ್ನೊಂದು ಬಲ ಬೇಕಾಗುತ್ತದೆ. ತಪ್ಪು ಕೈಯದೋ ಕತ್ತಿಯದೋ ತಿಳಿಯದೆ ಅಂದಾಜು ಕುದುರುವುದಿಲ್ಲ. ಜಾರಿದರೆ ಬೆರಳಿಗೂ ಅಪಾಯ. ಹೆಬ್ಬೆರಳಿಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ.

ಹೆಚ್ಚಿನವರು ಎಡವುವುದು ಸುಲಿಯುವಾಗಲ್ಲ, ಹೆಕ್ಕುವಾಗ. ಕಾಯಿಯನ್ನು ಹೇಗೆಂದರೆ ಹಾಗೆ ಎತ್ತಿ, ಕತ್ತಿಯ ಹತ್ತಿರ ತಂದ ಮೇಲೆ ತೊಟ್ಟು ಎತ್ತ ಇದೆ ಎಂದು ನೋಡಿ ಹೊರಳಿಸುತ್ತಾರೆ. ಪಳಗಿದ ಕೈ ಕೊನೆಯ ಭಂಗಿಗೆ ತಕ್ಕಂತೆ ಮೊದಲ ಹಿಡಿತವನ್ನು ಹೊಂದಿಸಿಕೊಳ್ಳುತ್ತದೆ. ಎತ್ತುವಾಗ ಮಣಿಕಟ್ಟು ಕೊಂಚ ಸೊಟ್ಟಗಾದರೂ ಸರಿ, ಕತ್ತಿಗೆ ತಾಗುವಾಗ ನೇರವಾಗಿರಬೇಕು. ಕತ್ತಿಗೆ ಮುಟ್ಟಿಸದೆ, ಹೆಕ್ಕಿ ಮೊನೆಯ ಹತ್ತಿರಕ್ಕೆ ತರುವುದನ್ನಷ್ಟೇ ಇಪ್ಪತ್ತು ಸಲ ಮಾಡಿ.

ಆಮೇಲೆ ಬೆಸುಗೆಗಳು. ಬಿಡಿ ಚಲನೆಯನ್ನು ಎಷ್ಟು ತಿದ್ದಿದರೂ ಎರಡರ ನಡುವಿನ ಸಂದು ಹಾಗೇ ಉಳಿಯುತ್ತದೆ. ಹಾಗಾಗಿ ಒಂದರ ಬಾಲವನ್ನೂ ಮುಂದಿನದರ ತಲೆಯನ್ನೂ ಸೇರಿಸಿ ಅಭ್ಯಾಸ ಮಾಡಿ: ಒತ್ತಿ ಸೀಳಿದ್ದೇ ಮಣಿಕಟ್ಟು ತಿರುಗಿಸಿ ಸಿಪ್ಪೆ ಎಬ್ಬಿಸುವುದು ಒಂದು ಜೋಡಿ, ಅಡಿಕೆ ಬೀಳಿಸುವಾಗಲೇ ಇನ್ನೊಂದು ಕೈ ರಾಶಿಯತ್ತ ಹೋಗುವುದು ಮತ್ತೊಂದು. ಎಲ್ಲಿ ನಿಲ್ಲುತ್ತಿದೆ ಎಂದು ಗೊತ್ತಾಗದಿದ್ದರೆ ಮೊಬೈಲಿನಲ್ಲಿ ಒಂದು ನಿಮಿಷ ವಿಡಿಯೊ ಮಾಡಿ ನಿಧಾನಗತಿಯಲ್ಲಿ ನೋಡಿ. ನಿಲುಗಡೆ ಸಿಕ್ಕಿದ ಜೋಡಿಯೇ ನಾಳೆಯ ಪಾಠ.

ಪಕ್ಕದವರ ಮೊಣಕೈಯನ್ನು ನಕಲು ಮಾಡಲು ಹೋಗಬೇಡಿ. 1920ರ ದಶಕದಲ್ಲಿ ಮಾಸ್ಕೋದಲ್ಲಿ ಶರೀರವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್ ಸುತ್ತಿಗೆ ಹೊಡೆಯುವ ಕೆಲಸಗಾರರ ಚಲನೆಯನ್ನು ಚಿತ್ರೀಕರಿಸಿ ಅಳೆದರು. ಪ್ರತಿ ಏಟಿಗೂ ಕೀಲುಗಳ ಕೋನ ಬದಲಾಗುತ್ತಿದ್ದರೂ ಸುತ್ತಿಗೆಯ ತುದಿಯ ದಾರಿ ಹೆಚ್ಚು ಸ್ಥಿರವಾಗಿತ್ತು. ಮಿದುಳಿಗೆ ಬೇಕಾದದ್ದು ಗುರಿ. ಕೀಲುಗಳು ತಮ್ಮತಮ್ಮಲ್ಲೇ ಹೊಂದಿಕೊಳ್ಳುತ್ತವೆ. ನಿಮ್ಮ ಗಮನವೂ ಬೆರಳಿನ ಮೇಲೆ ಬೇಡ, ಸಿಪ್ಪೆ ಸೀಳುವ ಗೆರೆಯ ಮೇಲಿರಲಿ. (ಹಳಬರನ್ನು ತಡೆದು ‘ಹೆಬ್ಬೆರಳು ಹೇಗಿಡ್ತೀರಿ’ ಎಂದು ಕೇಳಿದರೆ ಅವರ ಕೈಯೂ ತಡವರಿಸುತ್ತದೆ. ಕತ್ತಿ ಮುಂದಿರುವಾಗ ಕೇಳಬೇಡಿ.)

ಶುರುವಿನಲ್ಲಿ ಭುಜ ಬಿಗಿಯುವುದು ಸಹಜ. ಏಕಕಾಲಕ್ಕೆ ಎಲ್ಲ ಕೀಲುಗಳನ್ನು ಸಂಭಾಳಿಸಲಾಗದೆ ಮಿದುಳು ಕೆಲವನ್ನು ಬಿಗಿದು ಹಿಡಿಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕೈ ಕೊಡವಿ, ಎರಡು ನಿಮಿಷ ಬಿಡಿ. ದಣಿದ ಮೇಲೆ ಸುಲಿದರೆ ಕೈ ಕಲಿಯುವುದು ದಣಿದ ಚಲನೆಯನ್ನೇ. ಅದೇ ಸಂಜೆ ಬೇರೆ ಬಗೆಯ ಕತ್ತಿಯಲ್ಲೂ ಕೈಯಾಡಿಸಬೇಡಿ: ಹೊಸ ಕಲಿಕೆ ನೆಲೆಯೂರಲು ಕೆಲವು ಗಂಟೆಗಳು ಬೇಕು, ಅಷ್ಟರಲ್ಲಿ ಅದಕ್ಕೆ ವಿರುದ್ಧವಾದ ಇನ್ನೊಂದು ಕಲಿಕೆ ಬಂದರೆ ಮೊದಲಿನದು ಕೆಡುತ್ತದೆ.

ನಾಲ್ಕೈದು ದಿನಕ್ಕೆ ಸಂದುಗಳು ಮುಚ್ಚುತ್ತ ಬಂದರೆ ಸಣ್ಣ, ದೊಡ್ಡ ಕಾಯಿಗಳನ್ನು ಬೆರೆಸಿಕೊಳ್ಳಿ. ಆ ದಿನ ಸುಲಿದ ಅಡಿಕೆ ಅಳೆಯುವ ಡಬ್ಬ ತುಂಬುವುದು ತಡವಾಗುತ್ತದೆ. ಆದರೂ ಬೆರಕೆಯಲ್ಲಿ ಕಲಿತದ್ದು ಹೆಚ್ಚು ಕಾಲ ಉಳಿಯುತ್ತದೆ ಎಂದು ಸಂಶೋಧಕರಾದ ಶಿಯಾ ಮತ್ತು ಮಾರ್ಗನ್ 1979ರಲ್ಲಿ ಬೇರೊಂದು ಕೈಚಲನೆಯ ಪ್ರಯೋಗದಲ್ಲಿ ಕಂಡಿದ್ದರು. ಡಬ್ಬದ ಲೆಕ್ಕ ಹಿಡಿಯುವುದಿದ್ದರೆ ಅದಾದ ಮೇಲೆ ಹಿಡಿಯಿರಿ.