ಲೆಸ್ಟರಿಗೆ ಬರುವ ಮುಂಚೆ: ಇಂಗ್ಲಿಷ್ ಬಗ್ಗೆ ಒಂದಿಷ್ಟು ಮಾತು

ಇಂಗ್ಲೆಂಡಿನ ಈ ಲೆಸ್ಟರ್ ಊರಿನಲ್ಲಿ ಪ್ರತಿ ಯುಗಾದಿಗೆ ನಾವು ಕನ್ನಡದವರು ಒಂದು ಹಾಲ್ ಬಾಡಿಗೆಗೆ ಹಿಡಿದು ಸೇರುತ್ತೇವೆ. ಒಬ್ಬಟ್ಟು ಮುಗಿಯುವ ಹೊತ್ತಿಗೆ ಯಾರಾದರೂ ಒಬ್ಬರು ಆ ಮಾತು ಎತ್ತೇ ಎತ್ತುತ್ತಾರೆ. "ನಮಗೆ ಇಂಗ್ಲಿಷ್ ಪರೀಕ್ಷೆ ಇಡ್ತಾರಲ್ಲ, ನಮ್ಮನ್ನ ಅಷ್ಟು ವರ್ಷ ಆಳಿದಾಗ ಇವರು ಕನ್ನಡ ಕಲಿತಿದ್ರಾ?" ಚಪ್ಪಾಳೆ ಬೀಳುತ್ತದೆ. ನಾನೂ ಒಂದೆರಡು ಸಲ ತಟ್ಟಿದ್ದೇನೆ.

ನಿಜ ಹೇಳಬೇಕು ಅಂದರೆ ಕೆಲವರು ಕಲಿತಿದ್ದರು. ಫ್ಲೀಟ್ ಅನ್ನುವ ಇಂಗ್ಲಿಷ್ ಅಧಿಕಾರಿ ಕನ್ನಡ ಶಾಸನ ಓದಿದ, ನಮ್ಮ ಲಾವಣಿಗಳನ್ನು ಬರೆದಿಟ್ಟ. ಕಿಟೆಲ್ ಜರ್ಮನಿಯಿಂದ ಬಂದವರು, 1894ರಲ್ಲಿ ನಮಗೆ ನಿಘಂಟನ್ನೇ ಕೊಟ್ಟರು. ಮಿಕ್ಕವರು ದುಭಾಷಿಗಳನ್ನು ಇಟ್ಟುಕೊಂಡು ಕಾಲ ತಳ್ಳಿದರು. ಆಳುವವರಿಗೆ ಅದು ನಡೆಯುತ್ತದೆ. ಬಾಡಿಗೆ ಮನೆಯಲ್ಲಿ ಇರುವವರಿಗೆ ನಡೆಯಲ್ಲ.

ಹಾಗಾದರೆ ವಲಸೆ ಬಂದವರು ಇಲ್ಲಿನ ಭಾಷೆ ಕಲಿಯಲಿ ಅಂತ ಇಲ್ಲಿಯವರು ಬಯಸುವುದು ಸರಿಯಾ? ಸರಿ ಅಂತಲೇ ನನ್ನ ಅಭಿಪ್ರಾಯ. ಬೆಂಗಳೂರಿನಲ್ಲಿ ಆರು ವರ್ಷ ಕೆಲಸ ಮಾಡಿದವನು ನಾನು. ಆಫೀಸಿನ ಕ್ಯಾಂಟೀನಿನಲ್ಲಿ ಉತ್ತರದ ಕಡೆಯ ಒಬ್ಬರಿಗೆ "ಹತ್ತು ವರ್ಷದಿಂದ ಇದ್ದೀರ, ಇನ್ನೂ ಕನ್ನಡ ಬರಲ್ವಾ?" ಅಂತ ಎಲ್ಲರೆದುರು ಕೇಳಿದವನು. ಅಲ್ಲಿಗೊಂದು ನ್ಯಾಯ, ಇಲ್ಲಿಗೊಂದು ನ್ಯಾಯ ಅನ್ನುವುದಕ್ಕೆ ನನಗೆ ಮುಖವಿಲ್ಲ. ಆದರೆ ಆವತ್ತು ಕೇಳಿದ ದನಿ ಈಗ ನೆನಪಾದರೆ ನಾಚಿಕೆ ಆಗುತ್ತದೆ. "ಬನ್ನಿ, ದಿನಾ ಊಟದ ಹೊತ್ತಿಗೆ ಎರಡು ಮಾತು ಕಲಿಸ್ತೀನಿ" ಅಂತ ನಾನು ಒಂದು ದಿನವೂ ಹೇಳಿರಲಿಲ್ಲ.

2009ರ ಫೆಬ್ರವರಿಯಲ್ಲಿ ನಾನೂ ನನ್ನ ಹೆಂಡತಿಯೂ ಲೆಸ್ಟರಿಗೆ ಬಂದಿಳಿದೆವು. ಹಿಮ ಬಿದ್ದಿತ್ತು, ಎರಡು ಸೂಟ್‌ಕೇಸು, ಒಂದು ಪ್ರೆಶರ್ ಕುಕ್ಕರ್. ಈ ಊರಿನ ಬಗ್ಗೆ ಮೊದಲು ಒಂದು ಮಾತು. 1972ರಲ್ಲಿ ಆಫ್ರಿಕಾದ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿದ್ದ ಏಷ್ಯಾದವರನ್ನು ಓಡಿಸಿದಾಗ, "ಲೆಸ್ಟರಿಗೆ ಬರಬೇಡಿ" ಅಂತ ಇಲ್ಲಿನ ನಗರಸಭೆ ಅಲ್ಲಿನ ಪೇಪರಿನಲ್ಲೇ ಜಾಹೀರಾತು ಹಾಕಿಸಿತ್ತು. ಜನ ಬಂದೇ ಬಂದರು. ಈಗ ಬೆಲ್‌ಗ್ರೇವ್ ರಸ್ತೆಯಲ್ಲಿ ಒಂದು ಸುತ್ತು ಹೊಡೆದರೆ ಸೀರೆ, ಚಿನ್ನ, ಪಾನ್, ಫಾಫ್ಡಾ ಎಲ್ಲ ಸಿಗುತ್ತದೆ. 2011ರ ಜನಗಣತಿಯಲ್ಲಿ ಈ ಊರಿನ ನೂರಕ್ಕೆ ಹನ್ನೊಂದು ಜನ ಗುಜರಾತಿಯೇ ನಮ್ಮ ಮುಖ್ಯ ಭಾಷೆ ಅಂತ ಬರೆಸಿದ್ದರು.

ಹೊಸಬರಿಗೆ ಇದು ವರವೂ ಹೌದು, ಬಲೆಯೂ ಹೌದು. ಗುಜರಾತಿ ಬಂದರೆ ಇಂಗ್ಲಿಷ್ ಇಲ್ಲದೆ ವರ್ಷಗಟ್ಟಲೆ ಇರಬಹುದು. ನನ್ನ ಹೆಂಡತಿ ತಿಪಟೂರಿನ ಹತ್ತಿರದ ಹಳ್ಳಿಯವಳು, ಪಿಯುಸಿವರೆಗೆ ಓದಿದ್ದೆಲ್ಲ ಕನ್ನಡ ಮೀಡಿಯಮ್. ಆರು ತಿಂಗಳಲ್ಲಿ "ಕೇಮ್ ಛೋ, ಕೇಟ್ಲಾ" (ಹೇಗಿದ್ದೀರ, ಎಷ್ಟು) ಕಲಿತಳು. ಇಂಗ್ಲೆಂಡಿಗೆ ಬಂದು ಗುಜರಾತಿ ಕಲಿತವಳು ಅಂತ ಊರಲ್ಲಿ ಇವತ್ತಿಗೂ ನಗುತ್ತಾರೆ. ನಗುವ ವಿಷಯ ಅಲ್ಲ ಅದು. ಗುಜರಾತಿ ಅಂಗಡಿಯ ಮಾಸಿ (ಚಿಕ್ಕಮ್ಮ ಅನ್ನುವ ಹಾಗೆ) ಇವಳನ್ನು ಕೂರಿಸಿ ಮಾತಾಡಿಸಿದಳು, ಅದಕ್ಕೆ ಕಲಿತಳು. ಇಂಗ್ಲಿಷಿನಲ್ಲಿ ಹಾಗೆ ಕೂರಿಸಿ ಮಾತಾಡಿಸುವವರು ಯಾರಿದ್ದರು?

ನನ್ನ ಇಂಗ್ಲಿಷಿಗೆ ಬರೋಣ. ಹೊರದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಿತ್ತು, ಆ ಜಂಬದಲ್ಲೇ ಬಂದೆ. ಮೊದಲ ವಾರ ಬಸ್ ಡ್ರೈವರ್ ಏನೋ ಕೇಳಿದ. ಕೊನೆಗೆ "ಮೀ ಡಕ್" ಅನ್ನುವುದೊಂದು ಮಾತ್ರ ಕಿವಿಗೆ ಬಿತ್ತು. ನನ್ನನ್ನು ಬಾತುಕೋಳಿ ಅಂದನಾ ಅಂತ ಮನೆವರೆಗೂ ಯೋಚಿಸಿದೆ. ಅದು ಈ ಸೀಮೆಯಲ್ಲಿ ನಮ್ಮ "ಏನಪ್ಪಾ" ಇದ್ದ ಹಾಗೆ. ಇಲ್ಲಿ ಬನ್ನಿಗೆ ಕಾಬ್ ಅನ್ನುತ್ತಾರೆ. ಟೀ ಮ್ಯಾಶ್ ಮಾಡಲಾ ಅಂತ ಕೇಳಿದರೆ ಆಲೂಗಡ್ಡೆ ಹುಡುಕಬೇಡಿ, ಟೀ ಬೇಕಾ ಅಂತ ಅರ್ಥ. ಪಕ್ಕದ ಮನೆಯವರು "ಟೀಗೆ ಬನ್ನಿ" ಅಂದರು. ನಾವು ಮಧ್ಯಾಹ್ನ ಮೂರಕ್ಕೆ ಹೊಟ್ಟೆ ತುಂಬ ಬಿಸಿಬೇಳೆ ಬಾತು ತಿಂದು ಕೂತಿದ್ದೆವು, ಐದೂವರೆಗೆ ಹೋದರೆ ಮೇಜಿನ ತುಂಬ ರಾತ್ರಿ ಊಟ! ತಿನ್ನದಿದ್ದರೆ ತಪ್ಪು ತಿಳಿದಾರು, ತಿಂದರೆ ಹೊಟ್ಟೆ ಒಡೆದೀತು.

ಇವೆಲ್ಲ ನಗಿಸುವ ತಪ್ಪುಗಳು. ಕೆಲವು ಹಾಗಲ್ಲ. ಮೀಟಿಂಗಿನಲ್ಲಿ "ಐ ಹ್ಯಾವ್ ಎ ಡೌಟ್" ಅಂದೆ. ನಮಗೆ ಡೌಟ್ ಅಂದರೆ ಮೇಷ್ಟ್ರಿಗೆ ಕೇಳುವ ಪ್ರಶ್ನೆ ತಾನೇ. ಮಾತಾಡುತ್ತಿದ್ದವನ ಮುಖ ಸಣ್ಣಗಾಯಿತು. ನೀನು ಹೇಳಿದ್ದನ್ನು ನಾನು ನಂಬಲ್ಲ ಅಂತ ಅವನಿಗೆ ಕೇಳಿಸಿತ್ತು. ಫೋನ್ ಎತ್ತಿ "ಟೆಲ್ ಮಿ" ಅನ್ನುತ್ತಿದ್ದೆ, ನಮ್ಮ "ಹೇಳಿ" ಅನ್ನುವ ಹಾಗೆ. ಅವರಿಗೆ ಅದು ಪೊಲೀಸ್ ಸ್ಟೇಷನ್ನಿನ ವಿಚಾರಣೆ. ಮೊದಲ ವರ್ಷದ ಕೊನೆಗೆ ಮ್ಯಾನೇಜರ್ ನನ್ನ ಕೆಲಸ "ಕ್ವೈಟ್ ಗುಡ್" ಅಂದರು. ಬಡ್ತಿ ಗ್ಯಾರಂಟಿ ಅಂತ ಅವತ್ತೇ ಅಪ್ಪನಿಗೆ ಫೋನ್ ಮಾಡಿದೆ. ಇಲ್ಲಿಯವರ ಬಾಯಲ್ಲಿ ಅದಕ್ಕೆ "ಪರವಾಗಿಲ್ಲ, ನಡೆಯುತ್ತೆ" ಅಂತ ಅರ್ಥ. "ನಾಟ್ ಬ್ಯಾಡ್" ಅಂದರೆ ಮಾತ್ರ ಖುಷಿಪಡಿ.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಪ್ಲೀಸ್. ಎರಡು ವರ್ಷ ನಾನು ಒರಟ ಅಂತ ಹೆಸರು ತಗೊಂಡಿದ್ದೆ, ಅದೂ ನನಗೇ ಗೊತ್ತಿಲ್ಲದೆ. ನಾವು ಯಾರೂ ಒರಟರಲ್ಲ. ನಮ್ಮ ಮರ್ಯಾದೆ ಕ್ರಿಯಾಪದದ ಬಾಲದಲ್ಲಿ ಇರುತ್ತದೆ. ಕೊಡಿ, ಕೊಡಪ್ಪ, ಕೊಡಮ್ಮ, ಕೊಡಣ್ಣ. ಆ ಬಾಲ ಇಂಗ್ಲಿಷಿಗಿಲ್ಲ. "ಗಿವ್ ಮಿ ವಾಟರ್" ಅಂದಾಗ ನನ್ನ ತಲೆಯಲ್ಲಿ "ಸ್ವಲ್ಪ ನೀರು ಕೊಡಿ" ಇತ್ತು, ಅವರ ಕಿವಿಗೆ "ನೀರು ಕೊಡೋ" ಬಿತ್ತು. ಆದ್ದರಿಂದ ಪ್ಲೀಸ್ ಮತ್ತು ಥ್ಯಾಂಕ್ಯೂ ಅನ್ನು ಸಾರಿಗೆ ಉಪ್ಪು ಹಾಕಿದ ಹಾಗೆ ಹಾಕಿ. ನಮಗೆ ನಾಟಕ ಅನ್ನಿಸುತ್ತದೆ. ಅನ್ನಿಸಲಿ.

ಈಗ ನನ್ನ ದೊಡ್ಡ ತಪ್ಪು. ಇದನ್ನು ಹೇಳಲಿಕ್ಕೇ ಇಷ್ಟು ಬರೆದಿದ್ದು.

ಮೊದಲ ಎರಡು ವರ್ಷ ಹೆಂಡತಿಯ ಪರವಾಗಿ ನಾನೇ ಮಾತಾಡಿದೆ. ಬ್ಯಾಂಕಿನಲ್ಲಿ ನಾನು, ಡಾಕ್ಟರ ಹತ್ತಿರ ನಾನು, ಬಾಗಿಲಿಗೆ ಪಾರ್ಸೆಲ್ ಬಂದರೂ ನಾನೇ. ಪ್ರೀತಿ ಅಂತಲೇ ಅಂದುಕೊಂಡಿದ್ದೆ. ಬೇಗ ಕೆಲಸ ಮುಗಿಯುತ್ತಿತ್ತು ಅನ್ನುವುದೂ ನಿಜ. ಇಂಗ್ಲಿಷ್ ಕ್ಲಾಸಿಗೆ ಸೇರಲಾ ಅಂತ ಅವಳು ಕೇಳಿದಳು. ಕಾಲೇಜಿನಲ್ಲಿ ವಿಚಾರಿಸಿದರೆ, ದೇಶಕ್ಕೆ ಬಂದು ಮೂರು ವರ್ಷ ಆಗಿಲ್ಲ, ಪೂರ್ತಿ ಫೀಸು ನೀವೇ ಕಟ್ಟಬೇಕು ಅಂದರು. ಒಂದು ಕೈಯಲ್ಲಿ ಭಾಷೆ ಕಲಿಯಿರಿ ಅನ್ನುವ ಸರ್ಕಾರ, ಇನ್ನೊಂದು ಕೈಯಲ್ಲಿ ಕ್ಲಾಸಿನ ಬಾಗಿಲು ಹಾಕುತ್ತದೆ. ನನಗೆ ಸಿಟ್ಟು ಬಂದಿತ್ತು, ಈಗಲೂ ಬರುತ್ತದೆ. ಆದರೆ ಅಷ್ಟು ಸಿಟ್ಟು ಬಂದರೂ ನಾನು ಫೀಸು ಮಾತ್ರ ಕಟ್ಟಲಿಲ್ಲ ನೋಡಿ. "ಇನ್ನೊಂದು ವರ್ಷ ತಡಿ" ಅಂದೆ. ಅದೇ ವರ್ಷ ದೊಡ್ಡ ಟಿವಿ ತಂದೆ.

2011ರಲ್ಲಿ ಅವಳು ಬಸುರಿ. ತಪಾಸಣೆಗೆ ಹೋದಾಗಲೆಲ್ಲ ಮಿಡ್‌ವೈಫ್ ಇವಳನ್ನು ನೋಡಿ "ಹೇಗಿದ್ದೀಯ?" ಅಂತ ಕೇಳುತ್ತಿದ್ದರು. ನಾನು "ಶಿ ಈಸ್ ಫೈನ್" ಅನ್ನುತ್ತಿದ್ದೆ. ಇವಳನ್ನು ಕೇಳದೆಯೇ. ಮೂರನೇ ಸಲ ಆಕೆ ನನ್ನನ್ನು ಹೊರಗೆ ಕೂರಲು ಹೇಳಿದರು. ನಗುತ್ತಲೇ, ಪ್ಲೀಸ್ ಹಾಕಿಯೇ. ಫೋನಿನಲ್ಲಿ ದುಭಾಷಿಯನ್ನು ಕರೆಯುತ್ತೇವೆ, ಯಾವ ಭಾಷೆ ಅಂದರು. ಕನ್ನಡ ಅಂದೆ. "ಕೆನಡಾದಲ್ಲಿ ಇಂಗ್ಲಿಷೇ ಅಲ್ವಾ?" ಅಂದರು. ಅದನ್ನು ಬಿಡಿಸಿ ಹೇಳಿ ಹೊರಗೆ ಬಂದು ಕೂತೆ.

ಬಾಗಿಲ ಆಚೆಯಿಂದ ಇವಳ ದನಿ ಕೇಳುತ್ತಿತ್ತು. ಮಾತು ಕೇಳುತ್ತಿರಲಿಲ್ಲ, ದನಿ ಮಾತ್ರ. ಇಪ್ಪತ್ತು ನಿಮಿಷ ನಿಲ್ಲಿಸದೆ ಮಾತಾಡಿದಳು. ಮನೆಯಲ್ಲಿ ನನ್ನ ಹತ್ತಿರ ಅಷ್ಟು ಹೊತ್ತು ಮಾತಾಡಿ ಎಷ್ಟು ದಿನ ಆಗಿತ್ತೋ. ಆಚೆ ಬಂದಾಗ ಕಣ್ಣು ಕೆಂಪಗಿತ್ತು. "ರೀ, ಫೋನಲ್ಲಿದ್ದೋರು ಮಂಗಳೂರು ಕಡೆಯೋರು, ಎಷ್ಟು ಚೆನ್ನಾಗಿ ಮಾತಾಡಿದ್ರು" ಅಂತ ಮಾತ್ರ ಅಂದಳು. ರಾತ್ರಿ ನಿದ್ದೆ ಬರುವುದಿಲ್ಲ, ಅಳು ಬರುತ್ತದೆ ಅಂತ ಅವಳು ಅಲ್ಲಿ ಹೇಳಿದ್ದು ನನಗೆ ತಿಳಿದದ್ದು ಮುಂದಿನ ತಿಂಗಳು.

ಈ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ, ಡಾಕ್ಟರ ಹತ್ತಿರ, ನೀವು ದುಭಾಷಿಯನ್ನು ಕೇಳಬಹುದು. ದುಡ್ಡು ಕೊಡಬೇಕಿಲ್ಲ. ಹೆಂಡತಿಗೆ ಗಂಡ, ಅಜ್ಜಿಗೆ ಮೊಮ್ಮಗಳು ಹೀಗೆ ಮನೆಯವರೇ ನಡುವೆ ನಿಂತು ಮಾತಾಡುವುದು ಬೇಡ ಅಂತ ಅವರೂ ಹೇಳುತ್ತಾರೆ. ಅದು ಅವಮಾನ ಅಲ್ಲ. ದುಭಾಷಿ ಇದ್ದರೆ ಜನ ಇಂಗ್ಲಿಷ್ ಕಲಿಯುವುದೇ ಇಲ್ಲ ಅಂತ ಇಲ್ಲಿನ ಪೇಪರುಗಳಲ್ಲಿ ಆಗಾಗ ಬರೆಯುತ್ತಾರೆ. ನಮ್ಮ ಮನೆಯಲ್ಲಿ ಆದದ್ದು ಉಲ್ಟಾ. ಅವತ್ತು ಕನ್ನಡದಲ್ಲಿ ಬಾಯಿಬಿಟ್ಟ ಮೇಲೇ ಇವಳು ಇಂಗ್ಲಿಷಿನಲ್ಲೂ ಬಾಯಿಬಿಟ್ಟಿದ್ದು. ಮುಂದಿನ ಸೋಮವಾರ ನಾನು ಫೀಸು ಕಟ್ಟಿದೆ.

ಕ್ಲಾಸಿನಲ್ಲಿ ಸೊಮಾಲಿಯಾದವರು, ಪೋಲೆಂಡಿನವರು, ನಮ್ಮ ಬೆಲ್‌ಗ್ರೇವಿನ ಹೆಂಗಸರು. ಎಲ್ಲರೂ ಒಂದೇ ಥರ ತಪ್ಪು ಮಾಡುತ್ತಿದ್ದರು, ಯಾರೂ ಯಾರನ್ನೂ ನೋಡಿ ನಗುತ್ತಿರಲಿಲ್ಲ. ಗಂಡನ ಎದುರು ಆಡದ ಇಂಗ್ಲಿಷನ್ನು ಸೊಮಾಲಿ ಗೆಳತಿಯ ಹತ್ತಿರ ಧಾರಾಳವಾಗಿ ಆಡಿದಳು. ಇಲ್ಲಿ ಕಾಯಂ ಆಗಿ ನೆಲೆಸಲು ಬಿ1, ಅಂದರೆ ಮಧ್ಯಮ ಮಟ್ಟದ ಇಂಗ್ಲಿಷ್ ಪರೀಕ್ಷೆ ಬೇಕಿತ್ತು. 2014ರಲ್ಲಿ ಕೊಟ್ಟಳು. ಹತ್ತು ನಿಮಿಷದ ಮಾತುಕತೆ, ಒಂದು ವಿಷಯ ನಾವೇ ಆರಿಸಿಕೊಳ್ಳಬೇಕು. ಲಂಡನ್ ಬ್ರಿಡ್ಜ್ ಬಗ್ಗೆ ಹೇಳು ಅಂತ ನಾನು ಬರೆದುಕೊಟ್ಟೆ. ಅದನ್ನು ಪಕ್ಕಕ್ಕಿಟ್ಟು ಕೊಬ್ಬರಿ ಬಗ್ಗೆ ಹೇಳಿ ಬಂದಳು. ತಿಪಟೂರಿನವಳಲ್ಲವಾ. ತೆಂಗಿನಕಾಯಿಯನ್ನು ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಇಟ್ಟರೆ ಒಳಗೇ ಒಣಗಿ ಗಿಟುಕಾಗುತ್ತದೆ ಅಂತ ಹೇಳುವಾಗ ಅಟ್ಟಕ್ಕೆ ಇಂಗ್ಲಿಷ್ ಹೊಳೆಯಲಿಲ್ಲವಂತೆ. "ಅಪ್‌ಸ್ಟೇರ್ಸ್ ಆಫ್ ಕಿಚನ್" ಅಂದಳಂತೆ. ಪಾಸು.

ಕಾಗದಪತ್ರದ ವಿಷಯ ಚುಟುಕಾಗಿ. ಇಲ್ಲಿನ ಇತಿಹಾಸ, ರೀತಿನೀತಿ ಬಗ್ಗೆ ಕೇಳುವ ಲೈಫ್ ಇನ್ ದಿ ಯುಕೆ ಪರೀಕ್ಷೆ 45 ನಿಮಿಷ, 24 ಪ್ರಶ್ನೆ, 18 ಸರಿ ಇರಬೇಕು. ಪುಸ್ತಕ ಓದಿದರೆ ಸಾಕು. ಪೌರತ್ವಕ್ಕೆ ಇಂಗ್ಲಿಷಿನ ಬದಲು ವೆಲ್ಷ್ ಅಥವಾ ಸ್ಕಾಟಿಷ್ ಗೇಲಿಕ್ ಬಂದರೂ ನಡೆಯುತ್ತದೆ, ನಮ್ಮ ಗುಂಪಿನಲ್ಲಿ ಇದುವರೆಗೆ ಯಾರೂ ಆ ದಾರಿ ಹಿಡಿದಿಲ್ಲ. 2025ರ ಮೇ ತಿಂಗಳಲ್ಲಿ ಸರ್ಕಾರ ವಲಸೆ ಬಗ್ಗೆ ಶ್ವೇತಪತ್ರ ತಂದ ಮೇಲೆ ನಿಯಮ ಬಿಗಿಯಾಗುತ್ತಿದೆ. ಸ್ಕಿಲ್ಡ್ ವರ್ಕರ್ ವೀಸಾಗೆ ಹೊಸದಾಗಿ ಅರ್ಜಿ ಹಾಕುವವರಿಗೆ 2026ರ ಜನವರಿಯಿಂದ ಬಿ1ಕ್ಕಿಂತ ಒಂದು ಮೆಟ್ಟಿಲು ಮೇಲಿನ ಬಿ2 ಬೇಕು, ಜೊತೆಗೆ ಬರುವ ಹೆಂಡತಿ ಅಥವಾ ಗಂಡನಿಗೂ ಪರೀಕ್ಷೆ ಇಡುವ ಮಾತಿದೆ. ಸರ್ಕಾರದ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ, ವಾಟ್ಸಾಪ್ ನಂಬಬೇಡಿ.

ಇನ್ನು ಮಕ್ಕಳು. ಅವರಿಗೆ ಇಂಗ್ಲಿಷ್ ಹೇಗೆ ಬರುತ್ತದೋ ಅನ್ನುವ ಚಿಂತೆ ಬಿಟ್ಟುಬಿಡಿ. ಸ್ಕೂಲಿಗೆ ಹೋದ ಮೂರನೇ ತಿಂಗಳಿಗೆ ಮಗಳು ಇಲ್ಲಿಯವರ ಹಾಗೇ ಮಾತಾಡಿದಳು. ನಾನು ಹೆಮ್ಮೆಯಿಂದ ಅವಳ ಜೊತೆ ಇಂಗ್ಲಿಷಿಗೆ ಇಳಿದೆ. ಅಲ್ಲಿಗೆ ಮನೆಯ ಕನ್ನಡಕ್ಕೆ ಅರ್ಧ ಬಾಗಿಲು ಹಾಕಿದ ಹಾಗಾಯಿತು. ಈಗ ಅವಳಿಗೆ ಕನ್ನಡ ಅರ್ಥ ಆಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹತ್ತು ವರ್ಷದವಳಿದ್ದಾಗ ಅಂಗಡಿಯಲ್ಲಿ ಜನರ ಮುಂದೆ ಅಮ್ಮನ ಇಂಗ್ಲಿಷ್ ತಿದ್ದಿದಳು. ನನ್ನಾಕೆ ಏನೂ ಅನ್ನಲಿಲ್ಲ. ಮನೆಗೆ ಬಂದು "ನಾನು ಎರಡನೇ ಭಾಷೆಯಲ್ಲಿ ತಪ್ಪು ಮಾಡ್ತೀನಿ. ನಿನ್ನ ಎರಡನೇ ಭಾಷೇಲಿ ಒಂದು ವಾಕ್ಯ ಹೇಳು, ನಾನು ತಿದ್ದುತೀನಿ" ಅಂದಳು. ಮಗಳು ಸುಮ್ಮನೆ ರೂಮಿಗೆ ಹೋದಳು. ನಾನೂ ಸುಮ್ಮನಿದ್ದೆ, ಅವಳ ಬಾಯಿಂದ ಆ ವಾಕ್ಯ ತಪ್ಪಿಸಿದವನು ನಾನೇ ಅಲ್ವಾ.

ಆಮೇಲೆ ಭಾನುವಾರ ಸಂಜೆ ಅಮ್ಮ ಮಗಳು ಕೂತು ಕನ್ನಡ ಓದಲು ಶುರು ಮಾಡಿದರು. ನಾಲ್ಕು ತಿಂಗಳಿಗೆ ಊರಿಗೆ ಹೋದೆವು. ಮಗಳು ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡಿದ್ದಳು. ಜಗಲಿ ಮೇಲೆ ಕೂತ ಅಜ್ಜಿಯ ಮುಂದೆ ನೆಟ್ಟಗೆ ನಿಂತು, ಒಂದೊಂದೇ ಅಕ್ಷರ ಬಿಡಿಸಿ, "ಅಜ್ಜಿ, ದಯವಿಟ್ಟು ನನಗೆ ನೀರು ಕೊಡಿ" ಅಂದಳು.

ಅಜ್ಜಿ ಒಂದು ಕ್ಷಣ ಬಾಯಿ ಬಿಟ್ಟುಕೊಂಡು ನೋಡಿದರು. "ಅಯ್ಯೋ ಇವಳ, ಇದೇನೇ ಇದು, ತಿಪಟೂರು ಸ್ಟೇಷನ್ನಲ್ಲಿ ರೈಲು ಬಂತು ಅಂತ ಕೂಗ್ದಂಗೆ!" ಅಂತ ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕರು. "ನೀರು ಕೊಡಜ್ಜಿ ಅನ್ನು, ಸಾಕು." ಎದ್ದು ತಂಬಿಗೆ ತಂದುಕೊಟ್ಟರು. ಆಮೇಲೆ ಪಕ್ಕದ ಮನೆಯವರನ್ನು ಕೂಗಿ ಕರೆದು, ಇನ್ನೊಂದು ಸಲ ಹೇಳಿಸಿದರು.